ಅಂತರಜಾಲದ ಪಡಿ

ಅಳೆದು ಕೊಡುವ ಪದಾರ್ಥಗಳ ಪರಿಚಯ ನಮ್ಮ ತಲೆಮಾರಿನವರಿಗೆ ಹೊಸದಲ್ಲ. ನ್ಯಾಯಬೆಲೆಯ ಅಂಗಡಿಯ ಮುಂದೆ ಚೀಲ ಹಿಡಿದು ನಿಂತು, ತಿಂಗಳಿಗೆ ಇಷ್ಟು ಸಕ್ಕರೆ, ಇಷ್ಟು ಸೀಮೆಎಣ್ಣೆ ಎಂದು ಕಾರ್ಡಿನಲ್ಲಿ ಬರೆಯಿಸಿಕೊಂಡು ಬಂದವರು ನಾವು. ಸೀಮೆಎಣ್ಣೆ ತೀರುತ್ತ ಬಂದಾಗ ದೀಪದ ಬತ್ತಿಯನ್ನು ತಗ್ಗಿಸಿಕೊಂಡು ಓದುವುದೂ ನಮಗೆ ಅಭ್ಯಾಸವಾಗಿದ್ದಿತು. ಆದರೆ ಕಣ್ಣಿಗೆ ಕಾಣದ, ತೂಕವಿಲ್ಲದ, ಎಷ್ಟು ಬಳಸಿದರೂ ಯಾವ ಕಣಜದಲ್ಲಿಯೂ ರಾಶಿ ಕರಗದ ಒಂದು ವಸ್ತುವನ್ನು ಮನೆಮನೆಗೆ ಪಡಿಯಾಗಿ ಅಳೆದು ಕೊಡುವ ಕಾಲವೂ ಬರುವುದೆಂದು ಅಂದು ಯಾರೂ ಎಣಿಸಿರಲಿಲ್ಲ. ಅಂತರಜಾಲದ ಡೇಟಾ ಎಂಬುದು ಅಂತಹ ವಸ್ತು. ಅದರ ಮಿತಿಯನ್ನು ಕುರಿತು, ಅದನ್ನು ಹೆಚ್ಚಾಗಿ ಬಳಸುವವನೆಂಬ ಹೆಸರು ಹೊತ್ತ ನಾನು ನಾಲ್ಕು ಮಾತು ಹೇಳಬೇಕೆಂದಿರುವೆನು.

ಹೆಚ್ಚು ಬಳಸುವವನೆಂದರೆ ವಾಚಕರು ಹಗಲಿರುಳು ಚಲಚ್ಚಿತ್ರ ನೋಡುವ ಯಾರನ್ನೋ ಭಾವಿಸಿಕೊಳ್ಳುವರು. ನನ್ನ ಭೋಗ ಬೇರೆ ಬಗೆಯದು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ಹಳೆಯ ಮುದ್ರಿತ ಸಂಸ್ಕೃತ ಗ್ರಂಥಗಳ ಛಾಯಾಪ್ರತಿಗಳನ್ನು ಅಂತರಜಾಲದಿಂದ ಇಳಿಸಿಕೊಂಡು ಪಾಠಾಂತರಗಳನ್ನು ಹೋಲಿಸಿ ನೋಡುವುದು ನನ್ನ ಹವ್ಯಾಸ. ಪಾಠಶಾಲೆಯಲ್ಲಿ ನಾವು ಹೆಸರು ಮಾತ್ರ ಕೇಳಿದ್ದ, ಕಣ್ಣಾರೆ ಕಾಣದಿದ್ದ ಗ್ರಂಥಗಳು ಈಗ ಮನೆಯ ಮೇಜಿನ ಮೇಲೆ ತೆರೆದುಕೊಳ್ಳುವುವು. ಪುಟಪುಟವನ್ನೂ ಚಿತ್ರವಾಗಿ ಹಿಡಿದಿರುವುದರಿಂದ ಒಂದೊಂದು ಗ್ರಂಥವೂ ಐವತ್ತು, ನೂರು ಎಂ.ಬಿ.ಯಷ್ಟು ಭಾರವಾಗಿರುವುದುಂಟು. ಇದಲ್ಲದೆ ಪ್ರತಿದಿನ ಸಂಜೆ ಒಂದು ಗಂಟೆಯ ಕಾಲ, ಬೇರೆ ಬೇರೆ ಊರುಗಳಲ್ಲಿರುವ ಐದಾರು ಮಂದಿಗೆ ಲಘುಕೌಮುದಿಯ ಪಾಠವನ್ನು ವಿಡಿಯೊ ಮೂಲಕ ಹೇಳುತ್ತಿರುವೆನು. ಮನೆಯಲ್ಲಿ ನಾವು ಆರು ಜನ. ಸೊಸೆ ಮನೆಯಿಂದಲೇ ಕಚೇರಿಯ ಕೆಲಸ ಮಾಡುವಳು. ಮೊಮ್ಮಕ್ಕಳಿಗೆ ಶಾಲೆಯ ಪಾಠಗಳುಂಟು. ನಮ್ಮ ಮನೆಯಾಕೆಗೆ ಮಧ್ಯಾಹ್ನದ ಹರಿಕಥೆ ಆಗಬೇಕು. ಯಾರೂ ಅತಿಯಾಗಿ ಭೋಗಿಸುವವರಲ್ಲ. ಎಲ್ಲರದನ್ನೂ ಕೂಡಿದರೆ ಮಾತ್ರ ಲೆಕ್ಕ ಅತಿಯಾಗುವುದು.

ಈ ಮಿತಿಗೆ ನಮ್ಮ ದೇಶದಲ್ಲಿ ಒಂದು ಚರಿತ್ರೆಯೇ ಇದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ, ಸೆಕೆಂಡಿಗೆ ಕನಿಷ್ಠಪಕ್ಷ 256 ಕಿಲೊಬಿಟ್ ವೇಗವಿದ್ದರೆ ಮಾತ್ರ ಆ ಹೆಸರು ಸಲ್ಲತಕ್ಕದ್ದೆಂದು ಸರ್ಕಾರ ಗೊತ್ತುಮಾಡಿತು. ಮುಂದಿನ ವರ್ಷದಿಂದ ದೂರವಾಣಿಯ ತಂತಿಯ ಮೇಲೆಯೇ ಅಂತರಜಾಲ ಮನೆಗಳಿಗೆ ಹರಡತೊಡಗಿತು. ಆಗ ಅಗ್ಗದ ಯೋಜನೆಗಳಲ್ಲಿ ತಿಂಗಳ ಪಡಿ ಒಂದೆರಡು ಜಿ.ಬಿ.ಯ ಆಸುಪಾಸಿನಲ್ಲಿದ್ದಿತು, ಅದನ್ನು ಮೀರಿದರೆ ಎಂ.ಬಿ. ಲೆಕ್ಕದಲ್ಲಿ ಹೆಚ್ಚಿನ ಹಣ. ಕೆಲವು ಯೋಜನೆಗಳಲ್ಲಿ ಮಾತ್ರ ರಾತ್ರಿ 2 ಗಂಟೆಯಿಂದ ಬೆಳಗ್ಗೆ 8 ಗಂಟೆಯವರೆಗೆ ಎಷ್ಟು ಬಳಸಿದರೂ ಲೆಕ್ಕವಿಲ್ಲವೆಂಬ ರಿಯಾಯಿತಿ ಇದ್ದಿತು. ಪಾಠಶಾಲೆಯಲ್ಲಿ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಸೂತ್ರಪಾಠ ಒಪ್ಪಿಸಿದ ಶಿಕ್ಷೆ ಅಷ್ಟು ವರ್ಷಗಳ ಮೇಲೆ ನನ್ನ ಕೈಹಿಡಿಯಿತು. ನಾಲ್ಕು ಗಂಟೆಗೆ ಎದ್ದು ಗ್ರಂಥಗಳನ್ನು ಇಳಿಯಲು ಹಚ್ಚಿ, ಸ್ನಾನ ಸಂಧ್ಯೆಗಳನ್ನು ತೀರಿಸಿ ಬರುವ ಹೊತ್ತಿಗೆ ಒಂದು ಸಂಪುಟ ಸಿದ್ಧವಾಗಿರುತ್ತಿದ್ದಿತು. ನಮ್ಮ ಬೀದಿಯ ಕಾಲೇಜು ಹುಡುಗರು ಅದೇ ಹೊತ್ತಿಗೆ ಗಡಿಯಾರದ ಗಂಟೆ ಹೊಡೆಸಿ ಏಳುತ್ತಿದ್ದರು. ಅವರ ತಂದೆತಾಯಿಗಳು ಪರೀಕ್ಷೆಯ ಓದಿಗೆಂದು ನಂಬಿ ಕಾಫಿ ಕಾಯಿಸಿ ಕೊಡುತ್ತಿದ್ದರಂತೆ.

ಆ ರಾತ್ರಿಯ ರಿಯಾಯಿತಿಯಲ್ಲಿಯೇ ಈ ವಿಷಯದ ತಿರುಳು ಅಡಗಿದೆ. ಡೇಟಾ ಎಂಬುದು ಕೆರೆಯಲ್ಲಿ ಕಟ್ಟಿ ನಿಲ್ಲಿಸಿದ ನೀರಾಗಿದ್ದ ಪಕ್ಷದಲ್ಲಿ, ರಾತ್ರಿ ತೆಗೆದ ಕೊಡ ಹಗಲಿಗೆ ಕಡಿಮೆಯಾಗಲೇಬೇಕು. ಹಾಗಿರಲು ರಾತ್ರಿ ಎಷ್ಟಾದರೂ ತೆಗೆದುಕೊಳ್ಳಿರೆಂದು ಯಾವ ವ್ಯವಹಾರಸ್ಥನೂ ಹೇಳಲಾರನು. ಅದು ಕೆರೆಯಲ್ಲ, ಕಾಲುವೆ. ಸಂಸ್ಥೆಗಳಿಗೆ ಖರ್ಚು ಬೀಳುವುದು ಮುಖ್ಯವಾಗಿ ಕಾಲುವೆಯನ್ನು ತೋಡಿ ಅಗಲಮಾಡುವುದಕ್ಕೆ. ಎಷ್ಟು ಅಗಲ ಬೇಕೆಂಬುದನ್ನು ನಿರ್ಣಯಿಸುವುದು, ಊರಿನವರೆಲ್ಲ ಏಕಕಾಲದಲ್ಲಿ ಕೈಹಾಕುವ ರಾತ್ರಿ ಎಂಟರಿಂದ ಹನ್ನೊಂದರ ಸಮಯ. ಬೆಳಗಿನ ಜಾವ ಮೂರು ಗಂಟೆಗೆ ಬಳಸದೆ ಬಿಟ್ಟ ಹರಿವನ್ನು ಹಿಡಿದಿಟ್ಟು ರಾತ್ರಿ ಒಂಬತ್ತಕ್ಕೆ ಕೊಡುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಆದಕಾರಣ ಒಬ್ಬನು ತಿಂಗಳಲ್ಲಿ ಒಟ್ಟು ಎಷ್ಟು ಬಳಸಿದನೆಂಬ ಸಂಖ್ಯೆ, ಅವನಿಂದ ನೆರೆಯವನಿಗೆ ಎಷ್ಟು ಅಡ್ಡಿಯಾಯಿತೆಂಬುದನ್ನು ಹೇಳುವುದಿಲ್ಲ. ನಸುಕಿನಲ್ಲಿ ನೂರು ಗ್ರಂಥ ಇಳಿಸಿದವನಿಂದ ಯಾರಿಗೂ ತೊಂದರೆಯಿಲ್ಲ. ತಿಂಗಳಿಗೆ ನಾಲ್ಕೇ ಚಲಚ್ಚಿತ್ರ ನೋಡಿದರೂ ಅದನ್ನು ಭಾನುವಾರ ರಾತ್ರಿ ಒಂಬತ್ತಕ್ಕೇ ನೋಡುವವನಿಂದ ಇಕ್ಕಟ್ಟು ಉಂಟು. ಲೆಕ್ಕದ ಪುಸ್ತಕದಲ್ಲಿ ಮೊದಲನೆಯವನು ಅತಿಭೋಗಿ, ಎರಡನೆಯವನು ಮಿತಭೋಗಿ.

ನಮ್ಮ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನೀರುಗಂಟಿ ಎಂಬ ಒಬ್ಬ ಕೆಲಸಗಾರನಿರುತ್ತಿದ್ದನು. ತೂಬು ತೆಗೆಯುವುದು, ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವುದು ಅವನ ಕಾರ್ಯ. ನೀರು ಇಕ್ಕಟ್ಟಾದಾಗ ಅವನು ಎಲ್ಲರ ಸರದಿಯನ್ನೂ ಮೊಟಕುಮಾಡುವನು. ಹತ್ತು ಮಕ್ಕಳ ಸಂಸಾರದವನ ಗದ್ದೆ ದೊಡ್ಡದೆಂಬ ಕಾರಣದಿಂದ ಹದಿನೆಂಟನೆಯ ತಾರೀಖಿಗೆ ಅವನ ಮಡೆಯನ್ನು ಮುಚ್ಚಿ ತಿಂಗಳ ಕೊನೆಯವರೆಗೆ ತೆರೆಯೆನೆಂದರೆ ಊರು ಅದನ್ನು ನ್ಯಾಯವೆನ್ನುತ್ತಿರಲಿಲ್ಲ. ಈಗಿನ ಸಂಸ್ಥೆಗಳಾದರೋ ತಮ್ಮ ಈ ಏರ್ಪಾಡಿಗೆ ‘ಫೇರ್ ಯೂಸೇಜ್ ಪಾಲಿಸಿ’, ಎಂದರೆ ನ್ಯಾಯವಾದ ಬಳಕೆಯ ನೀತಿ, ಎಂದು ನಾಮಕರಣ ಮಾಡಿವೆ. ಮಿತಿಯುಳ್ಳ ಯೋಜನೆಯನ್ನೇ ‘ಅನ್‌ಲಿಮಿಟೆಡ್’ ಎಂದು ಕರೆಯುವುದೂ ಉಂಟು. ತರ್ಕಶಾಸ್ತ್ರದಲ್ಲಿ ಇಂತಹುದನ್ನು ವದತೋವ್ಯಾಘಾತವೆನ್ನುವರು. ತನ್ನ ತಾಯಿ ಬಂಜೆಯೆಂದು ಮಗನು ಹೇಳಿದಂತೆ. ಅವಯವಾರ್ಥವನ್ನು ಬಿಟ್ಟು ರೂಢಾರ್ಥವನ್ನು ಹಿಡಿಯಬೇಕೆಂದು ನಾನು ಮೊಮ್ಮಗನಿಗೆ ಸಮಾಧಾನ ಹೇಳಿದೆನು. ಅವನಿಗೆ ಅದು ರುಚಿಸಲಿಲ್ಲ.

ಪಡಿ ಮುಗಿದ ಮೇಲೆ ಆಗುವುದೇನು? ನಮ್ಮ ಅನೇಕ ಮೊಬೈಲು ಯೋಜನೆಗಳಲ್ಲಿ ದಿನದ ಮಿತಿ ತೀರಿದೊಡನೆ ವೇಗ ಸೆಕೆಂಡಿಗೆ 64 ಕಿಲೊಬಿಟ್ಟಿಗೆ ಇಳಿಯುವುದು. ಸಂಪರ್ಕವೇನೂ ಕಡಿದುಹೋಗಲಿಲ್ಲವೆಂದು ಹೇಳಿಕೊಳ್ಳಬಹುದು. ಗಣಿತ ಮಾಡಿ ನೋಡಿದರೆ, ಆ ವೇಗದಲ್ಲಿ ಒಂದು ಎಂ.ಬಿ. ಬರುವುದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಬೇಕು, ಅರವತ್ತು ಎಂ.ಬಿ.ಯ ಒಂದು ಗ್ರಂಥಕ್ಕೆ ಎರಡು ಗಂಟೆ ಮೀರುವುದು. ಗುರುವಿನ ಮುಖ ನೋಡಿ ಪಾಠ ಕೇಳುವುದಂತೂ ದೂರ ಉಳಿಯಿತು. 2004ರಲ್ಲಿಯೇ ಕನಿಷ್ಠವೆಂದು ಗೊತ್ತುಮಾಡಿದ್ದ ವೇಗದಲ್ಲಿ ಇದು ಕಾಲುಭಾಗ. 2023ರಲ್ಲಿ ಸರ್ಕಾರ ಆ ಕನಿಷ್ಠವನ್ನು 2 ಮೆಗಾಬಿಟ್ಟಿಗೆ ಏರಿಸಿತು. ಅದರ ಮುಂದೆ ಇದು ಮೂವತ್ತರಲ್ಲಿ ಒಂದು ಪಾಲೂ ಅಲ್ಲ. ಬಾಗಿಲನ್ನು ಮುಚ್ಚದೆ, ಒಳಗೆ ಹೋಗಲೂ ಆಗದಷ್ಟು ಓರೆಮಾಡಿ ಇಡುವ ಉಪಾಯವಿದು.

ಇದರ ನೋವು ನನಗೆ ಮನದಟ್ಟಾದುದು 2020ರಲ್ಲಿ. ಶಾಲೆಗಳೆಲ್ಲ ಮುಚ್ಚಿ ಪಾಠಗಳು ಫೋನಿಗೆ ಬಂದ ವರ್ಷವದು. ನನ್ನ ಪಾಠಕ್ಕೆ ಒಬ್ಬ ಹುಡುಗಿ ಸೇರಿದ್ದಳು. ತಾಲ್ಲೂಕು ಕೇಂದ್ರದಿಂದ ದೂರದ ಒಂದು ಹಳ್ಳಿಯವಳು. ಸೂತ್ರವನ್ನು ಒಮ್ಮೆ ಹೇಳಿದರೆ ಮರೆಯದ ಬುದ್ಧಿ. ಸಮಾಸದ ವಿಗ್ರಹವಾಕ್ಯವನ್ನು ನಾನು ಮುಗಿಸುವ ಮೊದಲೇ ತಾನು ಹೇಳಿಬಿಡುವಳು. ಆಕೆಯ ಮನೆಯಲ್ಲಿದ್ದುದು ತಂದೆಯ ಒಂದೇ ಫೋನು, ದಿನಕ್ಕೆ ಒಂದೂವರೆ ಜಿ.ಬಿ. ಪಡಿ, ಓದುವ ಮಕ್ಕಳು ಮೂವರು. ವಿಡಿಯೊ ಮೂಲಕ ಒಂದು ಗಂಟೆ ಪಾಠ ಕೇಳಿದರೆ ಸುಮಾರು ಅರ್ಧದಿಂದ ಒಂದು ಜಿ.ಬಿ.ಯವರೆಗೆ ಖರ್ಚಾಗುವುದು. ತಮ್ಮಂದಿರ ಶಾಲೆಯ ಪಾಠ ಮುಗಿಯುವಷ್ಟರಲ್ಲಿ ಸಂಜೆಗೆ ಉಳಿಯುತ್ತಿದ್ದುದು ಅಲ್ಪಸ್ವಲ್ಪ. ಪಾಠದ ನಡುವೆ ಆಕೆಯ ಮುಖ ನಿಶ್ಚಲವಾಗಿ ನಿಲ್ಲುತ್ತಿದ್ದಿತು. ಬಳಿಕ ಧ್ವನಿ ತುಂಡುತುಂಡಾಗುತ್ತಿದ್ದಿತು. ಆಮೇಲೆ ಹೆಸರೂ ಮರೆಯಾಗುತ್ತಿದ್ದಿತು. ಮರುದಿನ ಕೇಳಿದರೆ, “ಗುರುಗಳೇ, ನಿನ್ನೆ ತಮ್ಮನ ಪಾಳಿಯಾಗಿತ್ತು,” ಎನ್ನುವಳು, ದೂರಿನ ಸ್ವರವಿಲ್ಲ. ವಾರಕ್ಕೆ ಆರು ದಿನ ಬರುತ್ತಿದ್ದವಳು ಮೂರು ದಿನ, ಕಡೆಗೆ ಒಂದು ದಿನ ಬರತೊಡಗಿದಳು. ಮುಂದಿನ ವರ್ಷ ಬರಲೇ ಇಲ್ಲ. ಪಾಳಿಯನ್ನು ಪೂರ್ತಿಯಾಗಿ ತಮ್ಮನಿಗೆ ಬಿಟ್ಟುಕೊಟ್ಟಳೆಂದು ಮತ್ತೊಬ್ಬ ವಿದ್ಯಾರ್ಥಿಯಿಂದ ತಿಳಿಯಿತು. ಸಂಸ್ಥೆಯ ಲೆಕ್ಕದಲ್ಲಿ ಆ ಮನೆಯೂ ದಿನದಿನವೂ ಮಿತಿಮೀರಿ ಬಳಸಿದ ಮನೆಯೇ ಸರಿ.

ಇದಕ್ಕೆ ಪೂರ್ವಪಕ್ಷವಿಲ್ಲದಿಲ್ಲ. ನಮ್ಮ ಎದುರುಮನೆಯಲ್ಲಿ ಒಬ್ಬ ವೃದ್ಧೆ ಒಂಟಿಯಾಗಿರುವರು. ದೂರದ ಮಗನೊಡನೆ ದಿನಕ್ಕೆ ಹತ್ತು ನಿಮಿಷ ಮಾತನಾಡುವುದಲ್ಲದೆ ಅವರಿಗೆ ಅಂತರಜಾಲದಿಂದ ಬೇರೆ ಪ್ರಯೋಜನವಿಲ್ಲ. ಆರು ಜನರ ಮನೆಯ ಬಳಕೆಗೆ ಅವರೇಕೆ ಹಣ ತೆರಬೇಕು? ಪ್ರಶ್ನೆ ನ್ಯಾಯವಾದುದು. ಕಡಿಮೆ ಬಳಸುವವರಿಗೆ ಕಡಿಮೆ ಬೆಲೆಯ ಯೋಜನೆ ಇರಲೇಬೇಕು; ಹೆಚ್ಚು ವೇಗ ಬೇಕೆನ್ನುವವನು ಹೆಚ್ಚು ಹಣ ಕೊಡುವುದರಲ್ಲಿಯೂ ಅನ್ಯಾಯವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬುದನ್ನು ನಾನು ಬಲ್ಲೆನು. ನನ್ನ ಆಕ್ಷೇಪಣೆ ಬೆಲೆಯ ಮೇಲಲ್ಲ. ಮಿತಿ ದಾಟಿದವನನ್ನು ನಿರುಪಯೋಗಿಯಾದ ವೇಗಕ್ಕೆ ತಳ್ಳಿ, ಅದು ನೆರೆಯವನ ಹಿತಕ್ಕಾಗಿ ಎನ್ನುವ ಮಾತಿನ ಮೇಲೆ.

ಆ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಅಮೆರಿಕದ ಅನುಭವ ತೋರಿಸಿಕೊಟ್ಟಿತು. ಅಲ್ಲಿಯ ಕಾಮ್‌ಕಾಸ್ಟ್ ಎಂಬ ದೊಡ್ಡ ಸಂಸ್ಥೆ 2008ರ ಅಕ್ಟೋಬರಿನಲ್ಲಿ ಮನೆಯೊಂದಕ್ಕೆ ತಿಂಗಳಿಗೆ 250 ಜಿ.ಬಿ.ಯ ಮಿತಿಯನ್ನಿಟ್ಟಿತು. ನೂರರಲ್ಲಿ ಒಬ್ಬನೂ ಅದನ್ನು ಮುಟ್ಟುವುದಿಲ್ಲವೆಂದು ಆಗ ಸಮಾಧಾನ ಹೇಳಲಾಯಿತು. ಆದರೆ ಇಂದಿನ ಅತಿಭೋಗಿಯ ಊಟ ನಾಳಿನ ಸಾಮಾನ್ಯನ ಊಟವಾಗುವುದು ಈ ಕ್ಷೇತ್ರದ ಸ್ವಭಾವ. 2016ರ ಹೊತ್ತಿಗೆ ಆ ಮಿತಿ ಒಂದು ಟೆರಾಬೈಟಿಗೆ, ಎಂದರೆ ನಾಲ್ಕರಷ್ಟಕ್ಕೆ, ಏರಿತು. ಬಳಿಕ 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಮನೆಯೊಳಗೆ ಕುಳಿತು ಹಿಂದೆಂದಿಗಿಂತಲೂ ಹೆಚ್ಚಾಗಿ ಬಳಸತೊಡಗಿದಾಗ, ಆ ಸಂಸ್ಥೆಯೂ ಇತರ ಕೆಲವು ಸಂಸ್ಥೆಗಳೂ ಮಿತಿಯನ್ನು ಕೆಲವು ತಿಂಗಳ ಕಾಲ ತಾವಾಗಿಯೇ ತೆಗೆದಿಟ್ಟುವು. ಕಾಲುವೆ ಒಡೆದುಹೋಗಲಿಲ್ಲ. ಕಟ್ಟೆ ಅತ್ಯವಶ್ಯಕವಾಗಿ ಬೇಕಾಗಿದ್ದ ಪ್ರವಾಹದ ಸಮಯದಲ್ಲಿ ಅದನ್ನು ಕಿತ್ತಿಟ್ಟರೂ ಊರು ಉಳಿಯಿತೆಂದರೆ, ಕಟ್ಟೆ ಇದ್ದುದು ಯಾವ ಕಾರಣಕ್ಕೆಂದು ಯಾರಾದರೂ ಕೇಳಬಹುದು. ಅಲ್ಲಿಯ ಸಂಪರ್ಕ ಆಯೋಗವೂ 2024ರ ಅಕ್ಟೋಬರಿನಲ್ಲಿ ಇದನ್ನೇ ವಿಚಾರಣೆಗೆ ಎತ್ತಿಕೊಂಡಿತು.

ನಮ್ಮಲ್ಲಿ ಅದೇ 2020ರ ಮಾರ್ಚಿನಲ್ಲಿ ನಡೆದುದು ನೀರುಗಂಟಿಯ ಕ್ರಮಕ್ಕೆ ಇನ್ನೂ ಹತ್ತಿರವಾದುದು. ಚಲಚ್ಚಿತ್ರಗಳನ್ನು ಬಿತ್ತರಿಸುವ ಸಂಸ್ಥೆಗಳು ಮೊಬೈಲು ಜಾಲಗಳ ಮೇಲಿನ ಭಾರವನ್ನು ತಗ್ಗಿಸಲು ಚಿತ್ರದ ಸ್ಫುಟತೆಯನ್ನು ಎಲ್ಲರಿಗೂ ಸಮನಾಗಿ ಕೆಲವು ಕಾಲ ಇಳಿಸಿದುವು. ಯಾರ ಮಡೆಯನ್ನೂ ಮುಚ್ಚಲಿಲ್ಲ. ಎಲ್ಲರ ಹರಿವೂ ತುಸು ಕಿರಿದಾಯಿತು. ಇಕ್ಕಟ್ಟಿಗೆ ತಕ್ಕ ಮದ್ದು ಅದುವೆ.

ತಂತಿಯ ಸಂಪರ್ಕವುಳ್ಳವರ ಕಷ್ಟ ಈಗ ಬಹುಮಟ್ಟಿಗೆ ನೀಗಿದೆ. ಮಿತಿ ಮುಗಿದ ಮೇಲೆಯೂ ತಂತಿಯ ಬ್ರಾಡ್‌ಬ್ಯಾಂಡಿನ ವೇಗವನ್ನು 512 ಕಿಲೊಬಿಟ್ಟಿಗಿಂತ ಕೆಳಗಿಳಿಸಕೂಡದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2016ರಲ್ಲಿ ಆಜ್ಞೆಮಾಡಿತು. ಗಾಜಿನ ಎಳೆಯ ಸಂಪರ್ಕ ಬಂದ ಮೇಲೆ ಹಲವು ಯೋಜನೆಗಳಲ್ಲಿ ತಿಂಗಳ ಮಿತಿ 3,300 ಜಿ.ಬಿ.; ದಿನಕ್ಕೆ 110 ಜಿ.ಬಿ. ನನ್ನ ಗ್ರಂಥಗಳೂ ಹರಿಕಥೆಯೂ ಕಚೇರಿಯೂ ಸೇರಿದರೂ ನಾವು ಅದರ ಅಂಚನ್ನು ಮುಟ್ಟಲಾರೆವು. ಆದರೆ ದೇಶದಲ್ಲಿ ತಂತಿಯ ಸಂಪರ್ಕಗಳು ನಾಲ್ಕೈದು ಕೋಟಿಯಾದರೆ ನಿಸ್ತಂತು ಸಂಪರ್ಕಗಳು ಎಂಬತ್ತು ಕೋಟಿಗೂ ಮೇಲೆ. 5ಜಿ ಫೋನು ಕೊಳ್ಳಬಲ್ಲವರಿಗೆ, ಆ ಸೌಕರ್ಯವಿರುವ ಊರುಗಳಲ್ಲಿ, ಕೆಲವು ಯೋಜನೆಗಳಲ್ಲಿ ದಿನದ ಲೆಕ್ಕವೂ ಇಲ್ಲ. ಹೀಗೆ ಉಳ್ಳವನ ಮನೆಯಿಂದ ಮಿತಿ ಹೊರಟು, ಒಂದೇ ಫೋನಿನ ಮನೆಯಲ್ಲಿ ನೆಲೆಸಿದೆ. ಹೆಚ್ಚು ಬಳಸುವವರೆಂದು ಸಂಸ್ಥೆಗಳು ಬೊಟ್ಟುಮಾಡಿ ತೋರಿಸಿದ ನಮ್ಮಂಥವರು ಬಿಡುಗಡೆ ಹೊಂದಿದೆವು. ದಿನಕ್ಕೆ ಒಂದೂವರೆ ಜಿ.ಬಿ.ಯನ್ನು ಮೂವರು ಮಕ್ಕಳಿಗೆ ಹಂಚುವ ತಾಯಿ ಉಳಿದಳು.

ಆದುದರಿಂದ ಕೇಳತಕ್ಕುದು ಬಹಳವೇನೂ ಅಲ್ಲ. ತಂತಿಯವರಿಗೆ ಕೊಟ್ಟ ಅಭಯವನ್ನು ನಿಸ್ತಂತುವಿನವರಿಗೂ ಕೊಡಬೇಕು. ಪಡಿ ಮುಗಿದ ಮೇಲೆಯೂ ಒಂದು ಪಾಠವನ್ನು ಕಿವಿಯಿಂದಾದರೂ ತಡೆಯಿಲ್ಲದೆ ಕೇಳುವಷ್ಟು, ಒಂದು ಪುಟವನ್ನು ತೆರೆದು ಓದುವಷ್ಟು ಹರಿವು ಉಳಿದಿರಬೇಕು. ಜಾಲ ಬರಿದಾಗಿರುವ ಹೊತ್ತಿನ ಬಳಕೆಯನ್ನು ಮಿತಿಯ ಲೆಕ್ಕದಿಂದ ಬಿಡಬೇಕು. ಇಕ್ಕಟ್ಟಿನ ಹೊತ್ತಿನಲ್ಲಿ ತಗ್ಗಿಸುವುದಾದರೆ ಎಲ್ಲರಿಗೂ ಸಮವಾಗಿ ತಗ್ಗಿಸಲಿ, ಯಾರೂ ಗೊಣಗಲಾರರು. ಹಿಂದೆ ವಿದ್ಯಾರ್ಥಿ ಗುರುವನ್ನು ಹುಡುಕಿಕೊಂಡು ದಾರಿ ನಡೆಯಬೇಕಾಗಿದ್ದಿತು. ಈಗ ದಾರಿಯೇ ಮನೆಯ ಬಾಗಿಲಿಗೆ ಬಂದಿದೆ; ಇಂತಿಷ್ಟು ಹೆಜ್ಜೆ ನಡೆದ ಮೇಲೆ ಅದು ಮುಚ್ಚಿಹೋಗದಂತೆ ನೋಡಿಕೊಳ್ಳುವುದಷ್ಟೆ ನಮ್ಮ ಕಾಲದ ಪಾಲಿಗೆ ಬಂದ ಕರ್ತವ್ಯ.