ಜಗ್ಗಿ ಹೊಲಿಯಬಾರದು

ಕಳೆದ ದೀಪಾವಳಿಗೆ ನಮ್ಮ ತಂದೆಯವರು ರಾಣೆಬೆನ್ನೂರಿನಿಂದ ಪುಣೆಗೆ ಬಂದರು. ಬಂದ ಮೂರನೆಯ ದಿನ ಗ್ಯಾಲರಿಯ ತಂತಿಯ ಮೇಲೆ ಒಂದು ವಿಚಿತ್ರ ವಸ್ತು ಒಣಗುತ್ತಿತ್ತು. ದಪ್ಪ ಬಟ್ಟೆಯ ಪಟ್ಟಿ, ನಡುವೆ ಅರಳೆ ತುಂಬಿದ ಮೆತ್ತೆ, ಎರಡೂ ತುದಿಗೆ ಲಾಡಿ. ಹೊಲಿಗೆ ಬಲು ಅಚ್ಚುಕಟ್ಟು. "ಇದೇನ್ರೀ ಮಾವಾರ?" ಎಂದು ನಮ್ಮ ಮನೆಯವರು ಕೇಳಿದರೆ ಅಪ್ಪ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು.

ಐವತ್ತು ವರ್ಷ ಊರಿನವರ ಅಂಗಿ ಪೈಜಾಮ ಹೊಲಿದ ಅಪ್ಪ, ಏಳು ವರ್ಷದಿಂದ ತಮ್ಮ ಹರ್ನಿಯಾಕ್ಕೆ ತಾವೇ ಪಟ್ಟಿ ಹೊಲಿದು ಕಟ್ಟಿಕೊಳ್ಳುತ್ತಿದ್ದರಂತೆ! ವರ್ಷಕ್ಕೆರಡು ಸಲ ಊರಿಗೆ ಹೋಗಿ, ಕಾಲಿಗೆರಗಿ, ನಾಲ್ಕು ದಿನ ಉಂಡು ಬರುವ ನಮಗೆ ಇದು ಗೊತ್ತೇ ಇರಲಿಲ್ಲ.

ಆಪರೇಷನ್ ಎಂಬ ಮಾತೆತ್ತಿದೊಡನೆ ಅಪ್ಪ, "ನಮ್ಮಣ್ಣನ್ನ ಆಪರೇಷನ್ನ ತಿಂತು. ನನಗ ಬ್ಯಾಡ" ಎಂದರು. ದೊಡ್ಡಪ್ಪನಿಗೂ ಇದೇ ಬೇನೆ. 1991ರಲ್ಲಿ ಜೀಪಿನಲ್ಲಿ ಅವರನ್ನು ಹುಬ್ಬಳ್ಳಿಗೆ ಒಯ್ದದ್ದು ನಮಗೂ ನೆನಪಿದೆ. ಅವರು ಬದುಕಿ ಬರಲಿಲ್ಲ. ಹರ್ನಿಯಾಕ್ಕೆ ಕತ್ತರಿ ಹಾಕಿದರೆ ಸಾವು ಎಂಬುದು ಅಂದಿನಿಂದ ನಮ್ಮ ಮನೆತನದ ವೇದವಾಕ್ಯ.

ಅಂತೂ ಸಿ.ಜಿ.ಎಚ್.ಎಸ್. ದವಾಖಾನೆಯ ಚೀಟಿ ಹಿಡಿದು ಶಸ್ತ್ರವೈದ್ಯರ ಬಳಿಗೆ ಹೋದೆವು. ಅವರದು ಮರಾಠಿ, ಅಪ್ಪನದು ಅಪ್ಪಟ ಕನ್ನಡ, ನಾವು ದುಭಾಷಿಗಳು. ದೊಡ್ಡಪ್ಪನ ಕಥೆ ಕೇಳಿ ಅವರು, "ನೋವು ಶುರುವಾದ ಎಷ್ಟನೆಯ ದಿನ ಆಸ್ಪತ್ರೆಗೆ ತಂದಿರಿ?" ಎಂದರು. "ಮೂರನೇ ದಿನ" ಎಂದರು ಅಪ್ಪ. "ಹಾಗಾದರೆ ಅವರನ್ನು ಕೊಂದದ್ದು ಆಪರೇಷನ್ ಅಲ್ಲ, ಆ ಮೂರು ದಿನ." ಹೊರಬಂದ ಕರುಳು ಕಿಂಡಿಯಲ್ಲಿ ಸಿಕ್ಕಿ ಬಿಗಿದುಕೊಂಡರೆ ರಕ್ತ ಹರಿಯುವುದು ನಿಂತು ಕೆಲವು ಗಂಟೆಗಳಲ್ಲೇ ಕೊಳೆಯತೊಡಗುತ್ತದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಗಂಡುಮಕ್ಕಳಲ್ಲಿ ಹುಟ್ಟುವ ಮುಂಚೆ ವೃಷಣಗಳು ಹೊಟ್ಟೆಯಿಂದ ಕೆಳಗಿಳಿಯುವ ದಾರಿಯೊಂದು ತೊಡೆಸಂದಿಯಲ್ಲಿದೆ. ಆ ಜಾಗ ಹುಟ್ಟಾ ದುರ್ಬಲ. ವಯಸ್ಸು, ಕೆಮ್ಮು, ತಿಣುಕಾಟ ಸೇರಿದರೆ ಅಲ್ಲಿನ ಗೋಡೆ ಸಡಿಲಿ ಒಳಗಿನದು ಹೊರಕ್ಕೆ ಉಬ್ಬುತ್ತದೆ. ಔಷಧಿಯಿಂದಾಗಲಿ ಪಟ್ಟಿಯಿಂದಾಗಲಿ ಆ ಕಿಂಡಿ ಮುಚ್ಚುವುದಿಲ್ಲ. ಬಿ.ಎಸ್‌ಸಿ.ಯಲ್ಲಿ ಕಪ್ಪೆ ಕೊಯ್ದಿದ್ದ ನಾವು ಇದನ್ನೆಲ್ಲ ತಿಳಿದವರಂತೆ ತಲೆದೂಗಿದೆವು. ಪ್ರಶ್ನೆ ಕೇಳಿದವರು ಮಾತ್ರ ನಾಲ್ಕನೆಯ ಇಯತ್ತೆ ಓದಿದ ಅಪ್ಪ.

"ಜೀರ್ಣ ಆದ ಅರಿವೀನ ಜಗ್ಗಿ ಹೊಲದ್ರ ಬಾಜೂಕ ಮತ್ತ ಹರೀತೈತಿ. ಇದೂ ಹಂಗ ಅಲ್ಲೇನ್ರೀ?"

ನಾವು ಮರಾಠಿಗೆ ತಿರುಗಿಸಿದಾಗ ವೈದ್ಯರು ಲೇಖಣಿ ಕೆಳಗಿಟ್ಟರು. ಶಸ್ತ್ರವೈದ್ಯರಿಗೆ ಇದನ್ನು ಅರಗಿಸಿಕೊಳ್ಳಲು ನೂರು ವರ್ಷ ಬೇಕಾಯಿತು ಎಂದು ನಕ್ಕರು. ಇಟಲಿಯ ಬಸ್ಸೀನಿ 1887ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಎರಡೂ ಅಂಚುಗಳನ್ನು ಜಗ್ಗಿ ಕೂಡಿಸಿ ಹೊಲಿಯುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ; ಆದರೆ ಜಗ್ಗಿದ ಹೊಲಿಗೆ ಕೆಲವರಲ್ಲಿ ಮತ್ತೆ ಬಿಡುತ್ತಿತ್ತು. 1950ರ ದಶಕದ ಕೊನೆಗೆ ಅಮೆರಿಕದ ಅಶರ್ ಎಂಬವರು ಪ್ಲಾಸ್ಟಿಕ್ ಜಾಳಿಗೆಯನ್ನು ಬಳಕೆಗೆ ತಂದರು. 1989ರಲ್ಲಿ ಲಾಸ್ ಏಂಜಲೀಸ್‌ನ ಲಿಕ್ಟೆನ್‌ಸ್ಟೀನ್ ಮತ್ತು ಸಂಗಡಿಗರು, ಏನನ್ನೂ ಜಗ್ಗದೆ ಜಾಳಿಗೆಯ ತೇಪೆ ಹಚ್ಚುವ ಕ್ರಮವನ್ನು ಪ್ರಕಟಿಸಿದರು. ತೇಪೆ ಕಿಂಡಿಗಿಂತ ಸಾಕಷ್ಟು ದೊಡ್ಡದಿರಬೇಕು. ಕ್ರಮೇಣ ದೇಹದ ಮಾಂಸವೇ ಅದರ ಕಣ್ಣುಗಳಲ್ಲಿ ಬೆಳೆದು ಗಟ್ಟಿಯಾಗುತ್ತದೆ.

ಇಲ್ಲಿಯವರು 'ದುರ್ಬೀಣ' ಎನ್ನುವ ಲ್ಯಾಪ್ರೊಸ್ಕೋಪಿಯಲ್ಲೂ ಹಚ್ಚುವುದು ಜಾಳಿಗೆಯನ್ನೇ. ಗಾಯ ಸಣ್ಣದು, ಆದರೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ಜಾಳಿಗೆಯೇ ಬೇಡವೆಂದು ನಮ್ಮ ಪುಣೆಯ ಡಾ. ದೇಸರ್ಡಾ ಅವರು ರೋಗಿಯ ಹೊಟ್ಟೆಯದೇ ಪದರದ ಪಟ್ಟಿಯೊಂದನ್ನು ಸರಿಸಿ ಹೊಲಿಯುವ ವಿಧಾನವನ್ನು 2001ರಲ್ಲಿ ಪ್ರಕಟಿಸಿದ್ದಾರೆ. ಆದರೆ ಅದಕ್ಕೆ ಆ ಪದರ ಗಟ್ಟಿಯಿರಬೇಕು. ಬೀಡಿಯ ಕೆಮ್ಮಿನ ಎಪ್ಪತ್ತಮೂರರ ಅಪ್ಪನಿಗೆ, ಆ ಭಾಗವನ್ನಷ್ಟೇ ಮರಗಟ್ಟಿಸಿ ಜಾಳಿಗೆ ಹಚ್ಚುವುದೇ ಲೇಸೆಂದು ತೀರ್ಮಾನವಾಯಿತು.

ಜಾಳಿಗೆಯ ತುಣುಕನ್ನು ತೋರಿಸಿದಾಗ ಅಪ್ಪ ಬೆರಳಿನಿಂದ ತೀಡಿ, "ಇದು ಸೊಳ್ಳೆ ಪರದೆ ಅಲ್ಲೇನ್ರೀ?" ಎಂದರು. ನಾವು ನಾಚಿದೆವು. ವೈದ್ಯರು ನಾಚಲಿಲ್ಲ. ಧುಳೆ ಜಿಲ್ಲೆಯ ದೊಂಡಾಯಿಚಾದಲ್ಲಿ ಡಾ. ಟೊಂಗಾಂವ್ಕರ್ ಅವರು ಬಡವರಿಗಾಗಿ ಸೊಳ್ಳೆ ಪರದೆಯ ಬಟ್ಟೆಯನ್ನೇ ಕ್ರಿಮಿಶುದ್ಧಿ ಮಾಡಿ ಬಳಸಿದ್ದಾರೆ. ಅಂಥ ಅಗ್ಗದ ಜಾಳಿಗೆ ದುಬಾರಿಯದಕ್ಕೆ ಕಡಿಮೆಯಿಲ್ಲವೆಂದು ಯುಗಾಂಡಾದ ಪ್ರಯೋಗವೊಂದು 2016ರಲ್ಲಿ ತೋರಿಸಿತು ಎಂದರು. ಅಪ್ಪ ನಮ್ಮ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ.

ಆಪರೇಷನ್ನಿನ ಮರುದಿನವೇ ಮನೆಗೆ ಬಂದೆವು. ಎರಡು ತಿಂಗಳು ತೊಡೆಸಂದಿಯಲ್ಲಿ ಚುಳುಕು ಎನ್ನುತ್ತಿದ್ದರು. ಕೆಲವರಿಗೆ ಅದು ಬಹುಕಾಲ ಉಳಿಯುವುದೂ ಉಂಟಂತೆ. ಅಪ್ಪನಿಗೆ ಹೋಯಿತು. ಬೀಡಿ ಮಾತ್ರ ಪೂರ್ತಿ ಹೋಗಿಲ್ಲ.

ಊರಿಗೆ ಹೊರಡುವ ಮುನ್ನ ಆ ಪಟ್ಟಿಯನ್ನು ಬಿಚ್ಚಿ ಮೊಮ್ಮಗಳಿಗೆ ಪೆನ್ಸಿಲ್ ಚೀಲ ಹೊಲಿದುಕೊಟ್ಟರು. ಹೊಲಿಯುತ್ತ, "ಅಣ್ಣನ್ನ ಮೊದಲನೇ ದಿನಾನ ಒಯ್ಯಬೇಕಿತ್ತು" ಎಂದರು. ನಾವು ಏನೂ ಹೇಳಲಿಲ್ಲ.

ವಾಚಕರಲ್ಲಿ ಒಂದೇ ಅರಿಕೆ. ಊರಿಗೆ ಫೋನು ಮಾಡಿದರೆ ಹಿರಿಯರೆಲ್ಲ "ಆರಾಮ ಅದೀವಿ" ಎಂದೇ ಹೇಳುತ್ತಾರೆ. ಮುಂದಿನ ಸಲ ಹೋದಾಗ ತಂತಿಯ ಮೇಲೆ ಏನು ಒಣಗುತ್ತಿದೆ ಎಂದೂ ಒಮ್ಮೆ ನೋಡಿರಿ.