ಆ ಫೋಟೋದಾಗ ಅಕ್ಕ ನಕ್ಕಿದ್ಳು

1/7

ಹೋದ ವರ್ಷ ನಾನು ಹಾಕಿದ್ದ ಒಂದು ಫೋಟೋ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಕ್ಕ ಹಸಿರು ಸೀರೆ ಉಟ್ಟಿದ್ಳು, ಕಿವಿಗೆ ಬಿಳಿ ಅರಿವೆ ಕಟ್ಟಿದ್ಳು, ತೊಡೆ ಮೇಲೆ ಕೂಸು. ಕೆಳಗೆ ನಾನು "ನಾನೀಗ ಚಿಗವ್ವ" ಅಂತ ಬರೆದು ಮೂರು ಹಾರ್ಟ್ ಹಾಕಿದ್ದೆ. 312 ಲೈಕ್ ಬಂದಿದ್ವು. ನನ್ನ ಅಕೌಂಟ್‌ನಲ್ಲಿ ಅದೇ ದಾಖಲೆ.

ಆ ಫೋಟೋಕ್ಕೆ ನಾನು ಹದಿನಾಲ್ಕು ಸಲ ಕ್ಲಿಕ್ ಮಾಡಿದ್ದೆ. "ಅಕ್ಕಾ, ಸ್ವಲ್ಪ ನಗs", "ಅಕ್ಕಾ, ಇಲ್ಲಿ ನೋಡs" ಅಂತ ಪೀಡಿಸಿದ್ದೆ. ಹದಿನಾಲ್ಕನೇದಕ್ಕೆ ಆಕಿ ನಕ್ಕಳು. ಅದನ್ನ ಹಾಕಿದೆ, ಉಳಿದ ಹದಿಮೂರು ಡಿಲೀಟ್ ಮಾಡಿದೆ. ನಾನು ಕಣ್ಣು ತೆರೆದು ನೋಡಬೇಕಾಗಿದ್ದದ್ದು ಆ ಹದಿಮೂರನ್ನ.

ಇದನ್ನೆಲ್ಲ ಅಕ್ಕನ ಒಪ್ಪಿಗೆ ತಗೊಂಡೇ ಬರೀತಿದೀನಿ. ಪ್ರತಿ ಭಾಗ ಹಾಕೋ ಮೊದಲು ಆಕಿನೇ ಓದಿದಾಳೆ. ಹೆಸರು, ಊರು ಬರೆಯೋದಿಲ್ಲ. ಹಾನಗಲ್ಲ ತಾಲೂಕಿನ ಒಂದು ಹಳ್ಳಿ, ಅಷ್ಟು ಸಾಕು. ಕಮೆಂಟ್‌ನಲ್ಲಿ "ಪಾಪ" ಅಂತ ಬರೀಬ್ಯಾಡ್ರಿ. ಆ ಶಬ್ದ ಆಕಿಗೆ ಸಾಕಾಗಿ ಹೋಗಿದೆ.

2/7

ಚೊಚ್ಚಲ ಬಾಣಂತನ ತವರುಮನೆಯಲ್ಲೇ ಆಗಬೇಕು, ನಮ್ಮ ಕಡೆ ಗೊತ್ತಲ್ಲ. ಕುಬಸ ಮುಗಿಸಿಕೊಂಡು ಅಕ್ಕ ಬಂದ್ಳು. ಹೆರಿಗೆ ಆಸ್ಪತ್ರೆಯಲ್ಲೇ ಆಯ್ತು, ತಾಯಿ-ಮಗು ಇಬ್ಬರೂ ಆರಾಮ ಅಂತ ಡಿಸ್ಚಾರ್ಜ್ ಚೀಟಿ ಕೊಟ್ಟರು. ಮನೆಯಲ್ಲಿ ಅವ್ವ ಅಂಟಿನುಂಡಿ ಕಟ್ಟಿದ್ಳು. ಸಬ್ಬಸಗಿ ಪಲ್ಯ, ಬೆಳ್ಳುಳ್ಳಿ ಸಾರು, ದಿನಾ ಎಣ್ಣೆ ಹಚ್ಚಿ ಬಿಸಿನೀರು, ಆಮೇಲೆ ಲೋಬಾನದ ಹೊಗೆ. ಅಜ್ಜಿ ಒಂದನ್ನೂ ತಪ್ಪಿಸಲಿಲ್ಲ.

ಆದ್ರೆ ಅಕ್ಕ ಮಲಗ್ತಾ ಇರಲಿಲ್ಲ. ಕೂಸು ಮಲಗಿದಾಗಲೂ ಗ್ವಾಡಿ ನೋಡ್ಕೊಂತ ಕೂತಿರ್ತಿದ್ಳು. ಉಂಡಿ ಹಂಗೇ ತಾಟಿನಲ್ಲಿ ಉಳೀತಿತ್ತು. ಕೂಸು ಅತ್ತರೆ ಅವ್ವನ ಕಡೆ ನೋಡ್ತಿದ್ಳು, "ನೀನs ತಗೋ, ನನ್ನ ಕೈಯಾಗ ಸುಮ್ನ ಆಗೂದಿಲ್ಲ ಅದು." ಒಂದಿನ ನನಗೆ ಅಂದ್ಳು: "ನಾ ಒಳ್ಳೆ ತಾಯಿ ಅಲ್ಲಲೇ. ಇದರ ಮ್ಯಾಲೆ ನನಗ ಏನೂ ಅನಸಾಕತ್ತಿಲ್ಲ."

ನಾನು ಏನಂದೆ ಗೊತ್ತಾ? "ಏ ಸುಮ್ನಿರs, ಎಲ್ಲ ಸರಿ ಹೊಕ್ಕೈತಿ." ನನಗೆ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇತ್ತು.

ಅಜ್ಜಿ ದೃಷ್ಟಿ ಅಂದ್ಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ಳು. ಪಕ್ಕದ ಮನೆ ಕಾಕಿ ಗಾಳಿ ಅಂದ್ಳು. ತೋರಿಸೋಕೆ ಹೋದ ಒಂದು ಕಡೆ ಒಬ್ಬರು, "ಊರಾಗ ಎಲ್ಲಾರೂ ಹಡೀತಾರ, ನಿಂದೊಂದೇನು ದೊಡ್ಡದು?" ಅಂದ್ರು. ಅವತ್ತಿನಿಂದ ಅಕ್ಕ ಹೇಳೋದನ್ನೇ ನಿಲ್ಲಿಸಿಬಿಟ್ಳು. ಆಕಿಯ ತೂಕ, ಬಿಪಿ, ರಕ್ತ ಎಲ್ಲ ತಾಯಿ ಕಾರ್ಡ್‌ನಲ್ಲಿ ಬರೆದಿತ್ತು. ನಿನಗ ನಿದ್ದಿ ಬರ್ತೈತೇನು ಅಂತ ನಮ್ಮ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

3/7

ಈಗ ಫೋನಿನ ವಿಷಯ. ನಮ್ಮ ಮನೆಯಲ್ಲಿ ಮೂರು ಸ್ಮಾರ್ಟ್‌ಫೋನ್ ಇದಾವೆ: ಅಪ್ಪಂದು, ತಮ್ಮಂದು, ನಂದು. ಅಕ್ಕನ ಹತ್ತಿರ ಒಂದಿತ್ತು, ಸ್ಕ್ರೀನ್ ಒಡೆದ ಮೇಲೆ ರಿಪೇರಿ ಆಗಲಿಲ್ಲ. ತಾಯಿ ಕಾರ್ಡ್ ಮಾಡಿಸುವಾಗ ಮೊಬೈಲ್ ನಂಬರ್ ಕೇಳಿದಾಗ ಮಾಮಾನ ನಂಬರ್ ಕೊಟ್ಟಿದ್ವಿ. ಮಾಮಾ ಇರೋದು ಗೋವಾದಲ್ಲಿ, ಕೆಲಸದ ಮೇಲೆ. ಅಂದ್ರೆ ಅಕ್ಕನಿಗೆ ಅಂತ ಬರೋ ಫೋನು, ಮೆಸೇಜು ಎಲ್ಲ ಗೋವಾಕ್ಕೆ ಹೋಗ್ತಿದ್ವು. ಮಾಮಾ ಕೆಟ್ಟವರಲ್ಲ. ಕೆಲಸದ ನಡುವೆ ಕಂಪನಿ ಫೋನು ಅಂತ ತಿಳ್ಕೊಂಡು ಕಟ್ ಮಾಡ್ತಿದ್ರು, ಅಷ್ಟೇ.

ಇದು ನಮ್ಮ ಮನೆಯದೊಂದೇ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಲ್ಲಿ ತಾವೇ ಬಳಸೋ ಮೊಬೈಲ್ ಇರೋ ಹೆಂಗಸರು ನೂರಕ್ಕೆ 54. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ನೂರಕ್ಕೆ 33, ಗಂಡಸರಲ್ಲಿ 57. ಬಾಣಂತಿಯರಿಗಾಗಿ ಎಷ್ಟೇ ಚೆಂದದ ಆ್ಯಪ್ ಮಾಡಿದ್ರೂ ಮೊದಲು ಕೇಳಬೇಕಾದ ಪ್ರಶ್ನೆ: ಆ ಫೋನು ರಾತ್ರಿ ಯಾರ ದಿಂಬಿನ ಕೆಳಗಿರುತ್ತೆ?

ನೀವೂ ಇವತ್ತು ಮನೆಗೆ ಹೋಗಿ ನೋಡ್ರಿ. ಅಕ್ಕ, ಅತ್ತಿಗೆ, ವೈನಿ ಯಾರ ತಾಯಿ ಕಾರ್ಡ್ ಇದ್ರೂ ಅದರ ಮೇಲೆ ಯಾರ ನಂಬರ್ ಇದೆ ಅಂತ. ಆಕಿಯ ಹತ್ತಿರ ಇರದ ಫೋನಿನ ನಂಬರ್ ಆಗಿದ್ರೆ ಆಶಾ ಅಕ್ಕನಿಗೆ ಹೇಳಿ ಬದಲಾಯಿಸೋಕಾಗುತ್ತಾ ಕೇಳ್ರಿ.

4/7

ಹೆರಿಗೆಯಾಗಿ ಇಪ್ಪತ್ತಮೂರನೇ ದಿನ. ರಾತ್ರಿ ಒಂದೂವರೆ. ನೀರು ಕುಡಿಯೋಕೆ ಎದ್ದೆ. ಬಾಣಂತಿ ಕೋಣೆಯ ಬಾಗಿಲು ತೆರೆದಿತ್ತು, ಅಕ್ಕ ಇರಲಿಲ್ಲ. ಹಿತ್ತಲಲ್ಲಿ ಕತ್ತಲಲ್ಲಿ ನಿಂತಿದ್ಳು. ಕಾಲಲ್ಲಿ ಚಪ್ಪಲಿ ಇಲ್ಲ. "ಒಳಗ ಉಸಿರು ಕಟ್ಟಿದಂಗ ಆಗತೈತಿ" ಅಂದ್ಳು. ಕೈ ಹಿಡಿದ್ರೆ ತಣ್ಣಗಿತ್ತು.

ಯಾರನ್ನ ಎಬ್ಬಿಸೋದು? ಅಪ್ಪನನ್ನ ಎಬ್ಬಿಸಿದ್ರೆ ಗದ್ದಲ. ಆಗ ನೆನಪಾಗಿದ್ದು 14416. ಕಾಲೇಜಿನ ನೋಟಿಸ್ ಬೋರ್ಡ್ ಮೇಲೆ ಆ ನಂಬರ್ ಇರೋ ಪೋಸ್ಟರ್ ಇತ್ತು. ಅದರ ಮುಂದೆ ನಿಂತು ನಾವೆಷ್ಟು ಸೆಲ್ಫಿ ತೆಗೆದಿಲ್ಲ! ಅದು ಟೆಲಿ ಮಾನಸ್. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ತಾಸೂ ಇರುತ್ತೆ, ರೊಕ್ಕ ಹತ್ತೋದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಿತ್ತಲ ಕಟ್ಟೆ ಮೇಲೆ ಕೂತು ಫೋನ್ ಮಾಡಿದೆ. ನನ್ನ ಧ್ವನಿ ನಡುಗ್ತಿತ್ತು. ಆ ಕಡೆ ಇದ್ದ ಮೇಡಂ ಮೊದಲು ಕೇಳಿದ್ದು ಎರಡೇ ಮಾತು: "ಅಕ್ಕ ಈಗ ನಿಮ್ಮ ಪಕ್ಕದಲ್ಲೇ ಇದಾರಾ? ಮಗು ಯಾರ ಹತ್ತಿರ ಇದೆ?" ಆಮೇಲೆ ಅಕ್ಕನಿಗೇ ಫೋನ್ ಕೊಡೋಕೆ ಹೇಳಿದ್ರು. ಅಕ್ಕ ಹತ್ತು ನಿಮಿಷ ಬರೀ ಅತ್ತಳು. ಅವರು ಇಡ್ರಿ ಅನ್ನಲಿಲ್ಲ. ಇಪ್ಪತ್ತಮೂರು ದಿನದಲ್ಲಿ ಆಕಿಯ ಮಾತನ್ನ ಪೂರ್ತಿ ಕೇಳಿದ ಮೊದಲ ಮನುಷ್ಯರು ಅವರು. ನಾನು ಗ್ವಾಡಿಯ ಆಚೆ ಮಲಗಿರ್ತಿದ್ದೆ.

ಕೊನೆಗೆ ನನಗೆ ಹೇಳಿದ್ರು: ಇವತ್ತು ರಾತ್ರಿ ಅಕ್ಕನನ್ನ ಒಬ್ಬಳನ್ನೇ ಬಿಡಬೇಡಿ, ಮನೆಯ ಹಿರಿಯರೊಬ್ಬರಿಗೆ ಹೇಳಿ, ಆದಷ್ಟು ಬೇಗ ಡಾಕ್ಟರಿಗೆ ತೋರಿಸಿ. ಅವ್ವನನ್ನ ಎಬ್ಬಿಸಿದೆ. ಅವ್ವ ಏನೂ ಕೇಳಲಿಲ್ಲ. ಅಕ್ಕನ ತಲೆ ತೊಡೆ ಮೇಲೆ ಇಟ್ಟುಕೊಂಡು ಬೆಳಗಿನ ತನಕ ಕೂತ್ಳು.

5/7

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರದ ದಿನ ತಾಲೂಕು ಆಸ್ಪತ್ರೆಗಳಲ್ಲೇ ಮನೋರೋಗ ತಜ್ಞರು ನೋಡಲಿ ಅಂತ ಮಾಡಿದ್ದು. ನನಗೆ ಇದು ಗೊತ್ತೇ ಇರಲಿಲ್ಲ, ಆಶಾ ಅಕ್ಕ ಹೇಳಿದ್ರು. ಆ ಮಂಗಳವಾರ ಅವ್ವ, ಅಕ್ಕ, ಕೂಸು, ನಾನು ಬಸ್ ಹತ್ತಿದ್ವಿ. ನಾಲ್ಕರಲ್ಲಿ ಮೂವರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ನಾಲ್ಕನೆಯವನಿಗೆ ವಯಸ್ಸೇ ಆಗಿಲ್ಲ. ಅಪ್ಪನನ್ನ ರೊಕ್ಕ ಕೇಳೋದು ತಪ್ಪಿತು, ಕಾರಣ ಹೇಳೋದೂ ತಪ್ಪಿತು.

ಡಾಕ್ಟರ್ ಹತ್ತು ಪ್ರಶ್ನೆ ಕೇಳಿದ್ರು, ಹೋದ ಏಳು ದಿನಗಳ ಬಗ್ಗೆ. ನಗೋಕೆ ಆಗ್ತದಾ, ಸುಮ್ಮಸುಮ್ಮನೆ ಹೆದರಿಕೆ ಆಗ್ತದಾ, ನಿನ್ನನ್ನ ನೀನೇ ಬೈಕೋತೀಯಾ, ಇಂಥವು. ಇದು 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ತಯಾರಾದ ಎಡಿನ್‌ಬರೋ ಪ್ರಶ್ನಾವಳಿ, ಕನ್ನಡದಲ್ಲೂ ಇದೆ ಅಂತ ಆಮೇಲೆ ತಿಳೀತು. ಹತ್ತನೇ ಪ್ರಶ್ನೆ, ಜೀವಕ್ಕೆ ಏನಾದ್ರೂ ಮಾಡ್ಕೊಳ್ಳೋ ವಿಚಾರ ಬಂದಿತ್ತಾ ಅಂತ. ಅಕ್ಕ ಅವ್ವನ ಮುಖ ನೋಡಿ ತಲೆ ತಗ್ಗಿಸಿ, "ಒಂದೆರಡು ಸಲ" ಅಂದ್ಳು. ಅವ್ವನ ಕೈಯಿಂದ ಹಾಲಿನ ಬಾಟಲಿಯ ಮುಚ್ಚಳ ಕೆಳಗೆ ಬಿತ್ತು. ಆ ಸಪ್ಪಳ ನನಗಿನ್ನೂ ನೆನಪಿದೆ.

ಡಾಕ್ಟರ್ ಹೇಳಿದ್ದು ಮತ್ತು ನಾನು ಓದಿದ್ದು, ಸೇವ್ ಮಾಡ್ಕೊಳ್ರಿ:

• ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು, ಸಿಟ್ಟು ಬರೋದು ಬಹಳ ಜನಕ್ಕೆ ಆಗುತ್ತೆ. ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ಇಳಿಯುತ್ತೆ.
• ಎರಡು ವಾರ ದಾಟಿದ್ರೂ ಇಳೀದಿದ್ರೆ, ಕೂಸು ಮಲಗಿದಾಗಲೂ ನಿದ್ದೆ ಬರದಿದ್ರೆ, ತೋರಿಸಲೇಬೇಕು. ಇದು ಕಾಯಿಲೆ, ಸ್ವಭಾವ ಅಲ್ಲ.
• ಯಾರೋ ಮಾತಾಡಿದಂಗೆ ಕೇಳಿಸೋದು, ಇಲ್ಲದ್ದು ಕಾಣಿಸೋದು, ವಿಚಿತ್ರ ಸಂಶಯ ಇದ್ರೆ ಅದು ತುರ್ತು. ಮಂಗಳವಾರಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.
• ಹಾಲುಣಿಸುವಾಗ ತಗೋಬಹುದಾದ ಔಷಧಿ ಇದಾವೆ. ಡಾಕ್ಟರೇ ಆರಿಸಬೇಕು. ನಾವಾಗಿಯೇ ತಗೊಳ್ಳೋದೂ ಬೇಡ, ಬಿಡೋದೂ ಬೇಡ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನಮ್ಮಂಥ ದೇಶಗಳಲ್ಲಿ ಹೆರಿಗೆಯಾದವರಲ್ಲಿ ನೂರಕ್ಕೆ ಸುಮಾರು 20 ಜನರಿಗೆ ಮನಸ್ಸಿನ ತೊಂದರೆ ಆಗುತ್ತೆ. ನಮ್ಮ ಕ್ಲಾಸ್‌ನಲ್ಲಿ ನಾವು 40 ಹುಡುಗಿಯರು. ಉಳಿದ ಲೆಕ್ಕ ನೀವೇ ಮಾಡ್ರಿ, ಬಿ.ಕಾಂ ಅಲ್ವಾ.

6/7

ಇದೆಲ್ಲ ಆದ ಮೇಲೆ ನನಗೆ ಒಂದೇ ಹುಚ್ಚು: ಒಂದು ಆ್ಯಪ್ ಮಾಡಬೇಕು. ಆಮೇಲೆ ಓದ್ತಾ ಹೋದೆ. ಬೆಳಗಾವಿ, ಬಾಗಲಕೋಟೆ ಕಡೆ 2014ರಿಂದ 2016ರವರೆಗೆ ಒಂದು ದೊಡ್ಡ ಅಧ್ಯಯನ ನಡೆದಿತ್ತು, ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರ ಜೊತೆ. ಬಸುರಿಯರ ಬಿಪಿ ನೋಡಿ ಅಪಾಯ ಎಷ್ಟು ಅಂತ ಹೇಳೋ ಮೊಬೈಲ್ ಆ್ಯಪ್ ಅನ್ನ ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟಿದ್ರು. ಅವರು ಅದನ್ನ ಬಳಸಿದ್ರು. ಆದ್ರೂ ತಾಯಿ-ಮಗುವಿನ ಸಾವು, ತೊಂದರೆ ಒಟ್ಟಾರೆ ಕಡಿಮೆ ಆದದ್ದು ಕಾಣಲಿಲ್ಲ. ಓದಿ ನನಗೆ ಬೇಜಾರಾಯ್ತು. ಆಮೇಲೆ ಅನ್ನಿಸ್ತು, ನಮ್ಮನೆಯಲ್ಲೂ ಫೋನ್ ಮಾಡಿದ್ದು ಒಂದು ಹೆಜ್ಜೆ, ಅಷ್ಟೇ. ಆಮೇಲೆ ಅವ್ವ ಬೇಕಾಯ್ತು, ಆಶಾ ಅಕ್ಕ ಬೇಕಾದ್ರು, ಬಸ್ ಬೇಕಾಯ್ತು, ಕುರ್ಚಿಯಲ್ಲಿ ಕೂತ ಡಾಕ್ಟರ್ ಬೇಕಾದ್ರು.

ಕಿಲ್ಕಾರಿ ಅಂತ ಇನ್ನೊಂದರ ಬಗ್ಗೆ ಓದಿದೆ. ಬಿಹಾರದಲ್ಲಿ ಶುರುವಾಗಿ 2016ರಲ್ಲಿ ಕೇಂದ್ರ ಸರ್ಕಾರದ ಯೋಜನೆ ಆದದ್ದು. ಬಸುರಿಯಿದ್ದಾಗಿನಿಂದ ಕೂಸಿಗೆ ವರ್ಷ ಆಗೋತನಕ ವಾರಕ್ಕೊಂದು ಫೋನ್, ಒಟ್ಟು 72 ಧ್ವನಿ ಸಂದೇಶ. ಓದು ಬರದವರಿಗೂ ಮುಟ್ಟುತ್ತೆ. ಸಾದಾ ಫೋನ್ ಸಾಕು.

ಆ್ಯಪ್ ಬಿಟ್ಟೆವು. ನಾಲ್ಕು ಜನ ಸೇರಿ ವಾಯ್ಸ್ ನೋಟ್ ಮಾಡಿದ್ವಿ. ಹಾನಗಲ್ಲದಿಂದ ನಾನು, ಹಿರೇಕೆರೂರಿನ ಗೆಳತಿ, ಶಿಗ್ಗಾಂವಿ ತಾಲೂಕಿನ ತಾಂಡಾದ ಗೆಳತಿ, ಸವಣೂರಿನ ಗೆಳೆಯ. ಒಂದೊಂದು ಒಂದೇ ನಿಮಿಷ.

ಮೊದಲನೇದು ಫೇಲ್. ನಾನು ಪುಸ್ತಕದ ಭಾಷೆಯಲ್ಲಿ "ಪ್ರಸವಾನಂತರದ ಖಿನ್ನತೆ" ಅಂತ ಓದಿದ್ದೆ. ಅಜ್ಜಿ ಕೇಳಿ, "ಖಿನ್ನತಿ ಅಂದ್ರ ಯಾವೂರವ್ವಾ ಅದು?" ಅಂದ್ಳು. ಅಜ್ಜಿನೇ ತಿದ್ದಿದ್ಳು: "ಜೀವಕ್ಕ ಬ್ಯಾಸರ ಆಗೇತಿ ಅನ್ನು, ಮನಸ್ಸು ಭಾರ ಆಗೇತಿ ಅನ್ನು. ಎಲ್ಲಾರಿಗೂ ತಿಳಿತೈತಿ." ದೃಷ್ಟಿ ತೆಗೆದ ಅದೇ ಅಜ್ಜಿ! ಸವಣೂರಿನ ಗೆಳೆಯ ತನ್ನ ಅಮ್ಮಿಯ ಧ್ವನಿಯಲ್ಲಿ ಉರ್ದುವಿನಲ್ಲೂ ಮಾಡಿಸಿದ, ತಾಂಡಾದ ಗೆಳತಿ ಲಂಬಾಣಿಯಲ್ಲಿ ಮಾಡಿದ್ಳು.

ಫ್ಯಾಮಿಲಿ ಗ್ರೂಪ್‌ನಲ್ಲಿ ಹಾಕಲಿಲ್ಲ. ಅಲ್ಲಿ ಮಾವ, ಭಾವ, ಮೈದುನ ಎಲ್ಲ ಇರ್ತಾರೆ, ಯಾವ ಹೆಣ್ಣುಮಗಳು ಉತ್ತರ ಕೊಡ್ತಾಳೆ? ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ವಿ. ಯಾರು ನೋಡಿದ್ರು ಅಂತ ಹಾಕಿದವರಿಗೆ ಮಾತ್ರ ಗೊತ್ತಾಗುತ್ತೆ, ಒಂದು ದಿನಕ್ಕೆ ಅಳಿಸಿ ಹೋಗುತ್ತೆ.

7/7

ಮೂರನೇ ದಿನ ರಾತ್ರಿ ಹನ್ನೊಂದಕ್ಕೆ ನಮ್ಮಲ್ಲೊಬ್ಬರಿಗೆ ಒಂದು ಮೆಸೇಜ್ ಬಂತು. ಯಾವ ತಾಲೂಕು, ಯಾರು ಅಂತ ಹೇಳೋದಿಲ್ಲ. ಒಂದೇ ಸಾಲು: "ಆ ನಂಬರಿಗೆ ರೊಕ್ಕ ಹತ್ತತೈತೇನು?"

ಹತ್ತೋದಿಲ್ಲ ಅಂತ ಉತ್ತರ ಹೋಯ್ತು. ನೀಲಿ ಗೆರೆ ಬಿತ್ತು. ಐದು ನಿಮಿಷ ಬಿಟ್ಟು ಆ ಮೆಸೇಜೇ ಡಿಲೀಟ್ ಆಯ್ತು. ಆಕಿ ಫೋನ್ ಮಾಡಿದ್ಳೋ ಇಲ್ಲೋ ಗೊತ್ತಿಲ್ಲ. ನಾವು ಕೆದಕಲಿಲ್ಲ. ಎಂಟು ದಿನ ಬಿಟ್ಟು "ಹೆಂಗದೀರಿ?" ಅಂತಷ್ಟೇ ಕೇಳಿದ್ವಿ, ಒಂದು ಕೈ ಮುಗಿಯೋ ಚಿತ್ರ ಬಂತು.

ನಾವು ಡಾಕ್ಟರ್ ಅಲ್ಲ, ಕೌನ್ಸೆಲರ್ ಅಲ್ಲ. ಯಾರಿಗೂ ಸಲಹೆ ಕೊಡೋದಿಲ್ಲ ಅಂತ ನಾಲ್ವರೂ ಮೊದಲೇ ಮಾತಾಡಿಕೊಂಡಿದೀವಿ. ನಂಬರ್ ಮುಟ್ಟಿಸ್ತೀವಿ, ಜೊತೆಗೆ ಬಸ್ ಹತ್ತೋರು ಬೇಕಂದ್ರೆ ಬರ್ತೀವಿ.

ಅಕ್ಕ ಈಗ ಹಿರೇಕೆರೂರು ಕಡೆ ಗಂಡನ ಮನೆಯಲ್ಲಿದಾಳೆ. ಔಷಧಿ ಇನ್ನೂ ನಡೆದಿದೆ, ಕೆಲವು ದಿನ ಇನ್ನೂ ಭಾರ ಇರ್ತಾವೆ. ಮಾಮಾ ಒಂದು ಫೋನ್ ಕೊಡಿಸಿದಾರೆ, ನಂಬರ್ ಆಕಿಯ ಹೆಸರಲ್ಲೇ ಇದೆ. ಕೂಸು ಅಂಬೆಗಾಲಿಟ್ಟು ಆ ಫೋನಿನ ಹಿಂದೇನೇ ಬರ್ತಾನೆ.

ಆ ಹಳೆ ಫೋಟೋ ತೆಗೆದುಬಿಡ್ಲಾ ಅಂತ ಕೇಳಿದೆ. "ಬ್ಯಾಡ" ಅಂದ್ಳು. "ಇರ್ಲಿ. ಅದರ ಕೆಳಗ ಖರೇ ಏನಿತ್ತು ಅಂತ ಬರಿ." ಅದಕ್ಕೇ ಬರೆದೆ.

ಮುಂದಿನ ಸಲ ಬಾಣಂತಿ ನೋಡೋಕೆ ಹೋದಾಗ ಕೂಸಿನ ಫೋಟೋ ಆಮೇಲೆ ತೆಗೀರಿ. ಮೊದಲು ಕೂಸಿನ ಅವ್ವನ ಪಕ್ಕ ಕೂತು "ನೀ ಹೆಂಗದಿ?" ಅಂತ ಕೇಳ್ರಿ. ಉತ್ತರ ಬರೋತನಕ ಏಳಬ್ಯಾಡ್ರಿ.

14416. ಸೇವ್ ಮಾಡ್ಕೊಳ್ರಿ, ಒಬ್ಬರಿಗಾದ್ರೂ ಕಳಿಸ್ರಿ.

#ಬಾಣಂತಿ #ಮನಸ್ಸುಭಾರ #ಟೆಲಿಮಾನಸ್ #ಹಾನಗಲ್ಲ #ಶಿಗ್ಗಾಂವಿ #ಸವಣೂರು #ಹಿರೇಕೆರೂರು