ಟೂರರಾ, ರೋಡ್‌ಸ್ಟರಾ? ಕೊನೆಗೆ ಅಮ್ಮನ್ನ ಕೇಳಿದೆ

"ಚಳವಳಿ ಮಾಡೋನಿಗೆ ಆರೂವರೆ ನೂರು ಸಿಸಿ ಬೈಕ್ ಯಾಕಣ್ಣಾ?" ಅಂತ ಒಂದು ತಿಂಗಳಿಂದ ಗೆಳೆಯರು ಕಾಲೆಳೀತಾ ಇದ್ದಾರೆ. ಒಬ್ಬೊಬ್ಬರಿಗೂ ಹೇಳೋ ಬದಲು ಇಲ್ಲೇ ಬರೀತೀನಿ. ಸ್ವಲ್ಪ ಉದ್ದ ಇದೆ, ಓದಿ.

ಹದಿನೇಳು ವರ್ಷದಿಂದ ನನ್ನ ಸ್ಪ್ಲೆಂಡರ್ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಂತ ಸುತ್ತಿದೆ. ಹಿಂದಿನ ಸೀಟಲ್ಲಿ ಕೂತವರಲ್ಲಿ ಹೆಚ್ಚಿನವರು ದೂರು ಕೊಡೋಕೆ ಹೊರಟವರು. ಠಾಣೆಗೆ, ಕೋರ್ಟಿಗೆ, ಡಿಸಿ ಆಫೀಸಿಗೆ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲು ಮುಟ್ಟಿದ ಅಂತ ನಮ್ಮ ಹುಡುಗನೊಬ್ಬನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ರಲ್ಲ, ಆಗಲೂ ಅದೇ ಗಾಡೀಲಿ ಹೋಗಿದ್ದೆ. ಈಗ ಅದಕ್ಕೂ ವಯಸ್ಸಾಯ್ತು, ನನಗೂ ಆಯ್ತು.

ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ತು. "ಅಪ್ಪಾ, ಅರ್ಧ ಕಂತು ನಾನು ಕಟ್ತೀನಿ, ಈ ಸಲ ನಿಂಗೆ ಇಷ್ಟ ಆಗಿದ್ದು ತಗೋ" ಅಂದಳು. ಇಷ್ಟ ಏನು ಅಂತ ನನ್ನನ್ನ ಯಾರೂ ಕೇಳಿರ್ಲಿಲ್ಲ. ಉತ್ತರ ಹುಡುಕೋಕೇ ವಾರ ಹಿಡೀತು.

ಕೊನೆಗೆ ಎರಡು ಗಾಡಿ ಉಳಿದ್ವು, ಎರಡೂ ರಾಯಲ್ ಎನ್‌ಫೀಲ್ಡ್. ಒಂದು ಇಂಟರ್‌ಸೆಪ್ಟರ್ 650, ರೋಡ್‌ಸ್ಟರ್. ಇನ್ನೊಂದು ಸೂಪರ್ ಮೀಟಿಯೋರ್ 650, ಅದರಲ್ಲೂ ಟೂರರ್ ಮಾದರಿ: ಮುಂದೆ ಎತ್ತರದ ಗಾಳಿತಡೆ ಗಾಜು, ಅಗಲ ಸೀಟು, ಹಿಂದೆ ಕೂತವರಿಗೆ ಬೆನ್ನಿಗೆ ಆಸರೆ. ಎರಡರಲ್ಲೂ ಅದೇ 648 ಸಿಸಿ ಇಂಜಿನ್. ಮೈ ಮಾತ್ರ ಬೇರೆ. ರೋಡ್‌ಸ್ಟರ್ ಸುಮಾರು ಇಪ್ಪತ್ತು ಕೆಜಿ ಹಗುರ, ಗಲ್ಲಿಯಲ್ಲಿ ತಿರುಗಿಸೋದು ಸಲೀಸು. ಟೂರರ್ 241 ಕೆಜಿ. ನೆಟ್ಟಗಿರೋ ಹೈವೇಗೆ ಹೇಳಿ ಮಾಡಿಸಿದ ಗಾಡಿ.

ನಮ್ಮಕ್ಕನ ಮಗ ನರಸಾಪುರದ ಫ್ಯಾಕ್ಟರೀಲಿ ದಿನಾ ದ್ವಿಚಕ್ರ ವಾಹನ ಜೋಡಿಸೋನು. ಅವನ ತೀರ್ಪು ನೇರ. "ಮಾಮಾ, ರೋಡ್‌ಸ್ಟರ್ ತಗೋ. ಟೂರರ್ ಹೊಟ್ಟೆಗೂ ನೆಲಕ್ಕೂ 135 ಮಿಲಿಮೀಟರ್ ಅಷ್ಟೆ, ಇದಕ್ಕೆ 174. ನಮ್ಮ ಕಾಲೋನಿ ಬಾಯಲ್ಲಿ ಚರಂಡಿ ಮೇಲೆ ಹಾಕಿರೋ ಚಪ್ಪಡಿಗೆ ಟೂರರ್ ಉಜ್ಜುತ್ತೆ." ಅವನು ಹೇಳಿದ್ದು ಸರಿ. ಊರಿನ ಕಾಂಕ್ರೀಟ್ ರಸ್ತೆ ಅವರ ಕೊನೇ ಮನೆಗೆ ನಿಂತುಹೋಗುತ್ತೆ. ಅಲ್ಲಿಂದ ಈಚೆಗೆ ಚಪ್ಪಡಿ, ಗುಂಡಿ, ನಾವು.

ಮನೆಯವಳ ಭಯ ಬೇರೆ. 2025ರ ಫೆಬ್ರವರೀಲಿ ತಮಿಳುನಾಡಿನ ಶಿವಗಂಗೆ ಜಿಲ್ಲೇಲಿ ಬುಲೆಟ್ ಓಡಿಸಿದ್ದಕ್ಕೆ ನಮ್ಮ ಕಾಲೇಜು ಹುಡುಗನೊಬ್ಬನ ಕೈಗಳಿಗೇ ಕತ್ತಿ ಬೀಸಿದ ಸುದ್ದಿ ಅವಳೂ ಓದಿದ್ದಳು. "ಎರಡೂ ಬೇಡ, ಸ್ಕೂಟರ್ ತಗೊಳ್ಳಿ" ಅಂದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಬಾಬಾಸಾಹೇಬರ ಚಾಲೀಸ್‌ಗಾಂವ್ ಘಟನೆ ನೆನಪಾಯ್ತು. 1929. ಟಾಂಗಾದವರು ಯಾರೂ ಅಸ್ಪೃಶ್ಯನನ್ನ ಕೂರಿಸ್ಕೊಂಡು ಓಡಿಸೋಕೆ ಒಪ್ಪಲಿಲ್ಲ. ಟಾಂಗಾ ಮಾತ್ರ ಬಾಡಿಗೆಗೆ ಕೊಟ್ರು. ಓಡಿಸೋಕೆ ಬಾರದ ನಮ್ಮವನೇ ಒಬ್ಬ ಲಗಾಮು ಹಿಡಿದ. ಮೋರಿ ಹತ್ರ ಬಾಬಾಸಾಹೇಬರು ಕೆಳಗೆಸೆಯಲ್ಪಟ್ಟು ಕಾಲು ಮುರೀತು. ಆಗಲೇ ಅವರು ಬ್ಯಾರಿಸ್ಟರ್.

ನಮ್ಮಪ್ಪ ಶ್ರೀನಿವಾಸಪುರ ಕಡೆ ಹಳ್ಳೀಲಿ ಕೆರೆ ತೂಬು ಕಾಯೋ ನೀರಗಂಟಿ. ಒಂದು ಹಳೇ ಸೈಕಲ್ ಇತ್ತು. ಅರಳಿಕಟ್ಟೆ ಬೀದಿ ಬಂದ್ರೆ ಇಳೀತಿದ್ದ, ಚಪ್ಪಲಿ ಬಿಚ್ಚಿ ಹ್ಯಾಂಡಲ್‌ಗೆ ಸಿಕ್ಕಿಸಿ, ತಳ್ಕೊಂಡು ದಾಟಿ, ಆಮೇಲೆ ಹತ್ತುತಿದ್ದ. ಕ್ಯಾರಿಯರ್ ಮೇಲೆ ಕೂತಿದ್ದ ನಾನೂ ಇಳೀಬೇಕಿತ್ತು. "ಯಾಕಪ್ಪಾ?" ಅಂತ ಒಂದೇ ಸಲ ಕೇಳಿದ್ದೆ. "ಟೈರಲ್ಲಿ ಗಾಳಿ ಕಮ್ಮಿ" ಅಂದಿದ್ದ. ಮನೆಗೆ ಬಂದು ಟೈರ್ ಒತ್ತಿ ನೋಡಿದೆ. ಗಟ್ಟಿಯಾಗೇ ಇತ್ತು.

ಕಳೆದ ಭಾನುವಾರ ಅಮ್ಮನ್ನ ಶೋರೂಮಿಗೆ ಕರ್ಕೊಂಡು ಹೋದೆ. ಎಪ್ಪತ್ತೆಂಟು ವರ್ಷ, ಮೊಣಕಾಲು ನೋವು. ರೋಡ್‌ಸ್ಟರ್ ಸೀಟು ಹತ್ತೋಕೆ ಎರಡು ಸಲ ಪ್ರಯತ್ನಪಟ್ಟು ಕೈಬಿಟ್ಟಳು. ಟೂರರ್ ತಗ್ಗು, ಹತ್ತಿದಳು. ಒಂದು ಪಕ್ಕಕ್ಕೆ ಕಾಲು ಹಾಕಿ, ಭುಜ ಆ ಆಸರೆಗೆ ಕೊಟ್ಟು ಕೂತಳು. ಸುಮ್ಮನೆ ಕೂತೇ ಇದ್ದಳು. ಆಮೇಲೆ ಕೇಳಿದಳು: "ಇದು ಎಷ್ಟು ಭಾರ, ನಾಯನಾ?"

ಹೇಳಿದೆ.

"ಒಳ್ಳೇದಾಯ್ತು. ಅರಳಿಕಟ್ಟೆ ಹತ್ರ ಇಳಿದು ತಳ್ಳು ಅಂದ್ರೂ ಆಗಲ್ಲ."

ಅಪ್ಪ ಗಾಳಿ ಕಮ್ಮಿ ಅಂದಿದ್ದು ಸುಳ್ಳು ಅಂತ ಅವಳಿಗೂ ಗೊತ್ತಿತ್ತು. ಇಷ್ಟು ವರ್ಷ ಇಬ್ಬರೂ ಅದನ್ನ ಮಾತಾಡಿರ್ಲಿಲ್ಲ.

ಟೂರರ್ ಬುಕ್ ಮಾಡಿದೀನಿ. ಅಳಿಯನ ಲೆಕ್ಕ ಈಗಲೂ ಸರಿ, ಚಪ್ಪಡಿಗೆ ಉಜ್ಜುತ್ತೆ. ಆದರೆ ನಮ್ಮ ಕೇರಿ ರಸ್ತೆ ಕೆಟ್ಟಿದೆ ಅಂತ ಅದಕ್ಕೆ ಒಪ್ಪೋ ಗಾಡೀನೇ ಆರಿಸ್ತಾ ಹೋದ್ರೆ, ಆ ರಸ್ತೆ ಯಾವತ್ತು ಸರಿ ಆಗೋದು? ಪಂಚಾಯ್ತಿಗೆ ಅರ್ಜಿ ಬರೆದಾಗಿದೆ. ಚಪ್ಪಡಿಯ ಎತ್ತರ ಅಳೆದು, ಫೋಟೋ ಸಮೇತ.

ಮನೆಯವಳ ಭಯ ಹೋಗಿಲ್ಲ, ನನ್ನದೂ ಪೂರ್ತಿ ಹೋಗಿಲ್ಲ. ಹೆಲ್ಮೆಟ್ ಮೂರು ತಗೊಂಡಿದೀನಿ. ಅಕ್ಟೋಬರ್ 14ಕ್ಕೆ ನಾಗಪುರದ ದೀಕ್ಷಾಭೂಮಿಗೆ ಹೋಗೋ ಆಸೆ ಇದೆ. ಅದಕ್ಕೆ ಮುಂಚೆ ಅಮ್ಮನ್ನ ಕೂರಿಸ್ಕೊಂಡು ಊರಿಗೆ ಹೋಗಿ ಬರ್ತೀನಿ. ಅರಳಿಕಟ್ಟೆ ಬೀದೀಲಿ ಎರಡನೇ ಗೇರಲ್ಲಿ, ನಿಧಾನವಾಗಿ.

ಜೈ ಭೀಮ್.